ಸಹಾಯ ಬೇಕು: ನಮ್ಮ ಟೊಮೆಟೊಗೆ ಬಂದದ್ದು ಸೊರಗು ರೋಗದ ಶಿಲೀಂಧ್ರದ ಯಾವ ರೇಸ್ (ಒಳಬಗೆ)?

ಬ್ರಹ್ಮಾವರದ ಹತ್ತಿರ ನಮ್ಮ ಸಣ್ಣ ತೋಟ. ಸತತ ಎರಡನೇ ವರ್ಷ ಟೊಮೆಟೊ ಗಿಡ ಕಾಯಿ ಕಚ್ಚುವ ಹೊತ್ತಿಗೆ ಸೊರಗ್ತಾ ಉಂಟು. ಮೊದಲು ಒಂದೇ ಬದಿಯ ಕೆಳಗಿನ ಎಲೆ ಹಳದಿ, ಆಮೇಲೆ ಇಡೀ ಗಿಡ. ಕಾಂಡ ಸೀಳಿದರೆ ಒಳಗೆ ಕಂದು ಗೆರೆ. ಕತ್ತರಿಸಿ ಗ್ಲಾಸಿನ ನೀರಲ್ಲಿ ಇಟ್ಟು ನೋಡಿದೆ, ಹಾಲಿನಂಥ ದಾರ ಇಳಿಯಲಿಲ್ಲ. ಹಾಗಾಗಿ ಬ್ಯಾಕ್ಟೀರಿಯಾ ಅಲ್ಲ, ಫ್ಯುಸೇರಿಯಂ ಶಿಲೀಂಧ್ರವೇ ಅಂತ ನನ್ನ ಲೆಕ್ಕ. ಪಕ್ಕದ ಸಾಲಿನ ಮಟ್ಟು ಗುಳ್ಳ ಬದನೆಗೆ ಏನೂ ಆಗಿಲ್ಲ ಮಾರಾಯ್ರೆ! ಸುಣ್ಣ, ಟ್ರೈಕೋಡರ್ಮಾ (ರೋಗ ತಡೆಯುವ ಒಳ್ಳೆ ಶಿಲೀಂಧ್ರ), ಕಾರ್ಬೆಂಡಜಿಮ್ (ಶಿಲೀಂಧ್ರನಾಶಕ) ಎಲ್ಲ ಹಾಕಿ ಆಯ್ತು.

ತಲೆಬಿಸಿ ಎಂತದ್ದು ಅಂದ್ರೆ, ಬೀಜದ ಪ್ಯಾಕೆಟಲ್ಲಿ ರೇಸ್ 1, 2ಕ್ಕೆ ನಿರೋಧಕ ಅಂತ ಇತ್ತು. ಹಾಗಾದ್ರೆ ಇದು ರೇಸ್ 3 ಇರಬಹುದಾ? ಗಿಡ ನೋಡಿ ರೇಸ್ ಹೇಳ್ಲಿಕ್ಕೆ ಆಗುವುದಿಲ್ಲವಲ್ಲ. ಮಂಗಳೂರು, ಉಡುಪಿ ಕಡೆ ಇದನ್ನು ಪರೀಕ್ಷೆ ಮಾಡಿಕೊಡುವವರು ಯಾರಾದ್ರೂ ಇದ್ದಾರಾ? ಮಾದರಿಗೆ ಬೇರು ಕೊಡಬೇಕಾ, ಕಾಂಡವಾ?