ಶುಗರ್ ಇರುವವರಿಗೆ ಟೆಸ್ಟೋಸ್ಟೆರಾನ್ ಇಂಜೆಕ್ಷನ್: ರಕ್ತನಾಳಕ್ಕೆ ಒಳ್ಳೆಯದೋ, ಕೆಟ್ಟದ್ದೋ?

ಕೆರೆಏರಿ ಕೇಳಿದ್ದು:
ವಯಸ್ಸು 52, ಟೈಪ್ 2 ಶುಗರ್ ಬಂದು 11 ವರ್ಷ. ಮೆಟ್‌ಫಾರ್ಮಿನ್ ಜೊತೆ ಡಾಪಾಗ್ಲಿಫ್ಲೋಜಿನ್ 10 ಎಂಜಿ. ಸೊಂಟದ ಸುತ್ತಳತೆ 104 ಸೆಂ.ಮೀ., ಗೊರಕೆ ಜೋರು. ಸುಸ್ತು, ನಿಮಿರುವಿಕೆಯ ತೊಂದರೆ. ಸಂಜೆ 5:30ಕ್ಕೆ ಕೊಟ್ಟ ರಕ್ತದಲ್ಲಿ ಟೋಟಲ್ ಟೆಸ್ಟೋಸ್ಟೆರಾನ್ (ಗಂಡಸಿನ ಹಾರ್ಮೋನು) 268 ನ್ಯಾನೋಗ್ರಾಂ/ಡಿಎಲ್, ಎಸ್‌ಎಚ್‌ಬಿಜಿ (ಆ ಹಾರ್ಮೋನನ್ನು ಹೊರುವ ಪ್ರೋಟೀನು) 14, ಆಲ್ಬುಮಿನ್ 4.3, ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) 49. ಮೂರು ವಾರಕ್ಕೊಮ್ಮೆ 250 ಎಂಜಿ ಇಂಜೆಕ್ಷನ್ ಹೇಳಿದ್ದಾರೆ. ರಕ್ತನಾಳ ಸುಧಾರಿಸುತ್ತೆ ಅಂತ ಒಬ್ಬರು, ಹಾರ್ಟ್ ಅಟ್ಯಾಕ್ ಆಗುತ್ತೆ ಅಂತ ಇನ್ನೊಬ್ಬರು. ಯಾವುದನ್ನು ನಂಬೋದು?

ಲ್ಯಾಬ್‌ಬೆಂಚು:
ಮೊದಲು ಆ 268ನ್ನೇ ನಂಬಬೇಡಿ. ಈ ಹಾರ್ಮೋನು ಬೆಳಗ್ಗೆ ಏರಿರುತ್ತೆ, ಸಂಜೆಗೆ ಇಳಿಯುತ್ತೆ. ಸಿಹಿ ಅಥವಾ ಊಟ ಹೊಟ್ಟೆಗೆ ಬಿದ್ದರೆ ಇನ್ನೂ ಇಳಿಯುತ್ತೆ. ಬೆಳಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ಕೊಡಬೇಕು. ಜ್ವರ ಬಂದು ಎದ್ದ ವಾರದಲ್ಲಿ ಬೇಡ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಎರಡು-ಮೂರು ದಿನ ಮೊದಲೇ ನಿಲ್ಲಿಸಿ, ಕೆಲವು ಯಂತ್ರಗಳಲ್ಲಿ ಅಂಕಿ ಸುಳ್ಳಾಗಿ ಏರುತ್ತೆ.

ಇನ್ನೊಂದು, ಎಸ್‌ಎಚ್‌ಬಿಜಿ 14 ಅನ್ನೋದು ತೀರಾ ಕಡಿಮೆ. ಹೊಟ್ಟೆಯ ಬೊಜ್ಜು, ಇನ್ಸುಲಿನ್ ಕೆಲಸ ಮಾಡದಿರುವುದು, ಎರಡೂ ಇದನ್ನು ತಗ್ಗಿಸುತ್ತವೆ. ಹಾರ್ಮೋನನ್ನು ಹೊತ್ತು ತಿರುಗುವ ಪ್ರೋಟೀನೇ ಕಮ್ಮಿಯಾದಾಗ ಟೋಟಲ್ ಕಮ್ಮಿ ಕಾಣಿಸೋದು ಸಹಜ. ನಿಮ್ಮ ಟೋಟಲ್, ಎಸ್‌ಎಚ್‌ಬಿಜಿ, ಆಲ್ಬುಮಿನ್ ಮೂರು ಅಂಕಿಯನ್ನು ವರ್ಮ್ಯುಲೆನ್ ಸೂತ್ರಕ್ಕೆ ಹಾಕಿದರೆ ಫ್ರೀ ಟೆಸ್ಟೋಸ್ಟೆರಾನ್ (ಪ್ರೋಟೀನಿಗೆ ಅಂಟದೆ ಉಳಿದದ್ದು) ಸುಮಾರು 78 ಪಿಕೋಗ್ರಾಂ/ಎಂಎಲ್ ಬರುತ್ತೆ. ಕೊರತೆ ಅನ್ನೋಕೆ ಸಾಮಾನ್ಯವಾಗಿ ಬಳಸುವ ಗೆರೆ 65. ಅಂದರೆ ಸಂಜೆಯ ರಕ್ತದಲ್ಲೂ ನೀವು ಗೆರೆಯ ಮೇಲೇ ಇದ್ದೀರಿ! ಬೆಳಗಿನ ಎರಡೂ ರಿಪೋರ್ಟು ನಿಜಕ್ಕೂ ಕಮ್ಮಿ ಬಂದರೆ ಮಾತ್ರ ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ (ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳು) ಪರೀಕ್ಷೆ ಮಾಡಿಸಿ.

ನಾಡಿಬಡಿತ:
ರಕ್ತನಾಳದ ಪ್ರಶ್ನೆಗೆ ಬರ್ತೀನಿ. ಟೆಸ್ಟೋಸ್ಟೆರಾನ್ ನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿಸಿ ಸಡಿಲಗೊಳಿಸುತ್ತೆ ಅನ್ನೋದು ಪ್ರಯೋಗಾಲಯದ ಮಟ್ಟಿಗೆ ಸರಿ. ರೋಗಿಗಳಲ್ಲಿ ಚಿತ್ರ ಬೇರೆ. 2017ರಲ್ಲಿ ಬಂದ ಟಿ-ಟ್ರಯಲ್ಸ್ (ಟೆಸ್ಟೋಸ್ಟೆರಾನ್ ಪ್ರಯೋಗಗಳು) ಸಿಟಿ ಸ್ಕ್ಯಾನ್ ಅಧ್ಯಯನದಲ್ಲಿ, ಒಂದು ವರ್ಷ ಟೆಸ್ಟೋಸ್ಟೆರಾನ್ ಜೆಲ್ ಹಚ್ಚಿದವರ ಹೃದಯದ ನಾಳಗಳಲ್ಲಿ ಸುಣ್ಣಗಟ್ಟದ ಪ್ಲಾಕ್ (ನಾಳದ ಗೋಡೆಯಲ್ಲಿ ಕೂರುವ ಕೊಬ್ಬಿನ ಪದರ) ಹೆಚ್ಚು ಬೆಳೆದಿತ್ತು. 2023ರ ಟ್ರಾವರ್ಸ್ ಪ್ರಯೋಗದಲ್ಲಿ ಐದು ಸಾವಿರಕ್ಕೂ ಹೆಚ್ಚು ಗಂಡಸರು, ಬಹುಪಾಲು ಶುಗರ್ ಇದ್ದವರೇ. ಹೃದಯಾಘಾತ, ಸ್ಟ್ರೋಕ್, ಹೃದಯಸಂಬಂಧಿ ಸಾವು ಸೇರಿಸಿದರೆ ಜೆಲ್‌ನವರಲ್ಲಿ 7.0%, ಡಮ್ಮಿ ಜೆಲ್‌ನವರಲ್ಲಿ 7.3%. ಆದರೆ ಏಟ್ರಿಯಲ್ ಫಿಬ್ರಿಲೇಶನ್ (ಹೃದಯಬಡಿತದ ಲಯ ತಪ್ಪುವುದು), ಶ್ವಾಸಕೋಶದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಕಿಡ್ನಿಗೆ ದಿಢೀರ್ ಪೆಟ್ಟು ಹೆಚ್ಚಿದ್ದವು. ಹಾಗಾಗಿ ಅಟ್ಯಾಕ್ ತರುತ್ತೆ ಅನ್ನೋದು ಅತಿ. ನಾಳಕ್ಕೆ ಔಷಧಿ ಅನ್ನೋದೂ ಅತಿ. ಅದೂ ಅಲ್ಲದೆ ಅಲ್ಲಿ ಅಳೆದು ಅಳೆದು ಡೋಸ್ ಹೊಂದಿಸಿದ ಜೆಲ್ ಇತ್ತು. ಮೂರು ವಾರಕ್ಕೊಮ್ಮೆ 250 ಎಂಜಿ ಚುಚ್ಚಿದರೆ ಮೊದಲ ದಿನಗಳಲ್ಲಿ ಮಟ್ಟ ಮೇಲಕ್ಕೆ ಹಾರಿ ಆಮೇಲೆ ಕುಸಿಯುತ್ತೆ. ಟ್ರಾವರ್ಸ್ ಕೊಟ್ಟ ಭರವಸೆಯನ್ನು ಇದಕ್ಕೆ ಅಂಟಿಸೋಕಾಗಲ್ಲ.

ನಿಮಿರುವಿಕೆಯ ತೊಂದರೆಯನ್ನು ಹಾರ್ಮೋನ್ ಲೆಕ್ಕಕ್ಕೆ ಬರೆದು ಕೈ ತೊಳೆದುಕೊಳ್ಳಬೇಡಿ. ಆ ಭಾಗದ ಅಪಧಮನಿ ಒಂದೆರಡು ಮಿಲಿಮೀಟರ್ ದಪ್ಪ, ಹೃದಯದ್ದು ಮೂರ್ನಾಲ್ಕು. ಸಣ್ಣದು ಮೊದಲು ಮುಚ್ಚಿಕೊಳ್ಳುತ್ತೆ. ಎಲ್‌ಡಿಎಲ್, ಬಿಪಿ, ಸಿಗರೇಟು, ಸ್ಟಾಟಿನ್ ಮೊದಲು ನೋಡಿ. ಸಿಲ್ಡೆನಾಫಿಲ್ ತಗೊಳ್ಳೋದಾದರೆ ಸಾರ್ಬಿಟ್ರೇಟ್ (ಎದೆನೋವಿನ ಮಾತ್ರೆ) ಜೊತೆ ಯಾವ ಕಾರಣಕ್ಕೂ ಬೇಡ, ಬಿಪಿ ನೆಲ ಕಚ್ಚುತ್ತೆ.

ಲ್ಯಾಬ್‌ಬೆಂಚು:
ಪಿಸಿವಿ 49 ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಕಣ್ಣಿಗೆ ಕುಕ್ಕಿದ್ದೇ ಅದು. 48 ದಾಟಿದ್ದರೆ ಶುರು ಮಾಡಬೇಡಿ ಅನ್ನುತ್ತೆ ಎಂಡೋಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿ. ಡಾಪಾಗ್ಲಿಫ್ಲೋಜಿನ್ ತಾನಾಗೇ ಪಿಸಿವಿಯನ್ನು ಎರಡು-ಮೂರು ಅಂಕ ಏರಿಸುತ್ತೆ. ಗೊರಕೆಯ ಹಿಂದೆ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು) ಇದ್ದರೆ ಅದೂ ಏರಿಸುತ್ತೆ. ಇವೆರಡರ ಮೇಲೆ ಇಂಜೆಕ್ಷನ್ ಬಿದ್ದರೆ 54 ದೂರವೇನಿಲ್ಲ, ಅಲ್ಲಿಗೆ ನಿಲ್ಲಿಸಲೇಬೇಕು. ಮೊದಲು ಸ್ಲೀಪ್ ಸ್ಟಡಿ ಮಾಡಿಸಿ.

ಕೆರೆಏರಿ:
ಪಿಸಿವಿ ಏರಿದರೆ ಆಗಾಗ ರಕ್ತದಾನ ಮಾಡಿದರೆ ಸಾಕಲ್ವಾ? ಜಿಮ್‌ನವರು ಹಾಗೇ ಮಾಡ್ತಾರೆ.

ನಾಡಿಬಡಿತ:
ಪದೇ ಪದೇ ತೆಗೆದರೆ ಕಬ್ಬಿಣಾಂಶ ಬರಿದಾಗಿ ಸುಸ್ತು ಇನ್ನಷ್ಟು. ಡೋಸ್ ಹಾಗೇ ಇದ್ದರೆ ಪಿಸಿವಿ ಮತ್ತೆ ಏರುತ್ತೆ. ಡೋಸ್ ಇಳಿಸಬೇಕು, ಇಲ್ಲವೇ ಜೆಲ್‌ಗೆ ಬದಲಾಗಬೇಕು. ಜೆಲ್ ಆದರೆ ಹಚ್ಚಿದ ಜಾಗ ಒಣಗಿ ಬಟ್ಟೆ ಮುಚ್ಚುವವರೆಗೆ ಮಕ್ಕಳನ್ನು ಎತ್ತಿಕೊಳ್ಳಬೇಡಿ. ಇಂಜೆಕ್ಷನ್ನೇ ಆದರೆ ಎರಡು ಚುಚ್ಚಿನ ನಟ್ಟನಡುವಿನ ದಿನ ರಕ್ತ ಕೊಡಿ, ಟೋಟಲ್ ಟೆಸ್ಟೋಸ್ಟೆರಾನ್ 350ರಿಂದ 600ರೊಳಗೆ ಇರಲಿ. ಪಿಸಿವಿ ಮತ್ತು ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ) ಶುರುವಿಗೆ ಮೊದಲು, ಆಮೇಲೆ 3ರಿಂದ 6 ತಿಂಗಳೊಳಗೆ, ಮತ್ತೆ 12ಕ್ಕೆ. ಕಳೆದ ಆರು ತಿಂಗಳಲ್ಲಿ ಅಟ್ಯಾಕ್ ಅಥವಾ ಸ್ಟ್ರೋಕ್ ಆಗಿದ್ದರೆ ಈ ದಾರಿಗೇ ಬರಬೇಡಿ. ಮಗು ಬೇಕೆಂದಿದ್ದರೂ ಬೇಡ, ವೀರ್ಯಾಣು ನಿಂತೇಹೋಗಬಹುದು.