ಟೈಮ್ ಟ್ರಾವೆಲ್ ಲವ್ ಕಾಮಿಡಿ ಬರೀತಿದೀವಿ: ಈಗಿನ ಹುಡುಗ, 1963ರ ಶರಾವತಿ ಕಣಿವೆಯ ಹುಡುಗಿ. ಯಾವ ಸಿನಿಮಾ ನೋಡ್ಬೇಕು?

ಕೊಡಚಾದ್ರಿ_ಹುಡುಗ:

ಎಲ್ರಿಗೂ ನಮಸ್ಕಾರ. ಹೊಸನಗರ, ಸಾಗರ ಕಡೆಯ ಒಂದಿಷ್ಟು ಜನ ಸೇರ್ಕೊಂಡು ಒಂದು ಕಿರುಚಿತ್ರ ಮಾಡೋಣ ಅಂತ ಹೊರಟಿದೀವಿ, ಸುಮಾರು ಅರ್ಧ ಗಂಟೆದು. ಕಥೆ ಏನಂದ್ರೆ ಈಗಿನ ಕಾಲದ ಹುಡುಗ ಒಬ್ಬ ಹೆಂಗೋ 1963ಕ್ಕೆ ಹೋಗ್ಬಿಡ್ತಾನೆ, ಲಿಂಗನಮಕ್ಕಿ ಡ್ಯಾಂ ಇನ್ನೂ ಮುಗಿದಿಲ್ಲ, ಈಗ ಹಿನ್ನೀರಿನ ಅಡಿ ಇರೋ ಊರೆಲ್ಲ ಆಗ ಮೇಲೇ ಇದೆ, ತೋಟ ಇದೆ ಗದ್ದೆ ಇದೆ, ಅಲ್ಲಿ ಒಬ್ಬಳು ಹುಡುಗಿ ಸಿಗ್ತಾಳೆ, ಲವ್ ಆಗತ್ತೆ. ಅಳಿಸೋ ಸಿನಿಮಾ ಬೇಡ, ನಗಿಸ್ಬೇಕು ಅಂತ ನಮ್ಮೆಲ್ಲರ ಆಸೆ.

ಎರಡು ಕಡೆ ಸಿಕ್ಕಾಕ್ಕೊಂಡಿದೀವಿ. ಒಂದು, ಹುಡುಗ ಹೋಗೋದು ಹೆಂಗೆ? ಹಿನ್ನೀರು ದಾಟಿಸೋ ಅಂಬಾರಗೋಡ್ಲು ಲಾಂಚ್ ಹತ್ತಿ ಮಂಜಲ್ಲಿ ಹೋಗಿ ಆ ಕಡೆ ಇಳಿದ್ರೆ 1963 ಅಂತ ಬರ್ದಿದೀವಿ. ಎರಡನೇದು ದೊಡ್ಡದು. ಹುಡುಗನಿಗೆ ಮುಂದೆ ಆಗೋದೆಲ್ಲ ಗೊತ್ತು, ಊರು ಮುಳುಗತ್ತೆ ಅಂತನೂ ಗೊತ್ತು, ಹುಡುಗಿಗೆ ಏನೂ ಗೊತ್ತಿಲ್ಲ. ಅಷ್ಟೆಲ್ಲ ಗೊತ್ತಿದ್ದವನು ಗೊತ್ತಿಲ್ದಿರೋಳನ್ನ ಒಲಿಸ್ಕೊಂಡ್ರೆ ಅದು ಪ್ರೀತಿನಾ ಮೋಸನಾ ಅಂತ ನಮ್ ಟೀಮಲ್ಲೇ ಜಗಳ ಆಗ್ತಿದೆ. ಈ ಥರ ಸಿನಿಮಾ ತುಂಬಾ ನೋಡಿರೋರು ದಯವಿಟ್ಟು ಹೇಳಿ, ಬೇರೆಯೋರು ಇದನ್ನ ಹೆಂಗೆ ಬಿಡಿಸಿದಾರೆ?

ತುಂಗಾತೀರ:

ನಿಮ್ ಜಗಳ ಸರಿಯಾದ ಜಗಳ ಮಾರಾಯ್ರೆ, ಬಿಡ್ಬೇಡಿ ಅದನ್ನ. ಈ ಜಾತಿ ಸಿನಿಮಾಗಳಲ್ಲಿ ಒಳ್ಳೇದು ಯಾವ್ದು ಕೆಟ್ಟದ್ದು ಯಾವ್ದು ಅಂತ ತೀರ್ಮಾನ ಆಗೋದು ಇದೇ ಒಂದು ಪ್ರಶ್ನೆ ಮೇಲೆ ಅಂತ ನಾನು ನಂಬಿದೀನಿ.

ಮೊದಲು ಗ್ರೌಂಡ್‌ಹಾಗ್ ಡೇ ನೋಡಿ, 1993ದು, ಹೆರಾಲ್ಡ್ ರಾಮಿಸ್ ಡೈರೆಕ್ಷನ್, ಬಿಲ್ ಮರ್ರೆ ಹೀರೋ. ಟಿವಿಯಲ್ಲಿ ಹವಾಮಾನ ಹೇಳೋ ಮನುಷ್ಯ, ಫೆಬ್ರವರಿ 2 ಅವನಿಗೆ ಮತ್ತೆ ಮತ್ತೆ ಬರ್ತಾ ಇರತ್ತೆ, ಉಳಿದೋರಿಗೆಲ್ಲ ಅದು ಹೊಸ ದಿನ, ನಿನ್ನೆದು ನೆನಪಿರೋದು ಅವನೊಬ್ಬನಿಗೆ. ಜೊತೆ ಕೆಲಸ ಮಾಡೋ ರೀಟಾಗೆ ಏನಿಷ್ಟ ಅಂತ ಇವತ್ತು ಕೇಳಿ ತಿಳ್ಕೊಳ್ಳೋದು, ನಾಳೆ ಅದನ್ನೇ ತನಗೂ ಇಷ್ಟ ಅನ್ನೋ ಹಂಗೆ ಹೇಳೋದು, ಅವಳು ಫ್ರೆಂಚ್ ಕಾವ್ಯ ಓದಿದಾಳೆ ಅಂದ್ರೆ ಇವ್ನು ಫ್ರೆಂಚ್ ಪದ್ಯ ಬಾಯಿಪಾಠ ಮಾಡ್ಕೊಂಡು ಬರೋದು. ಅಂದ್ರೆ ನೀವು ಹೇಳಿದ ಮೋಸನೇ. ಆದ್ರೆ ಸಿನಿಮಾ ಅವನನ್ನ ಗೆಲ್ಲಕ್ಕೆ ಬಿಡೋದಿಲ್ಲ ನೋಡಿ, ಪ್ರತಿ ರಾತ್ರಿ ಎಲ್ಲ ಸರಿಯಾಗಿ ಮಾಡಿದ್ರೂ ಕೊನೆಗೆ ಕಪಾಳಕ್ಕೆ ಬೀಳತ್ತೆ, ಸಾಲಾಗಿ ಬೀಳತ್ತೆ. ನಗು ಬರೋದೂ ಅಲ್ಲೇ, ನ್ಯಾಯ ಸಿಗೋದೂ ಅಲ್ಲೇ. ಅವಳನ್ನ ಒಲಿಸೋ ಆಟ ಬಿಟ್ಟು ಪಿಯಾನೋ ಕಲಿತು ಊರೋರಿಗೆ ಉಪಕಾರ ಮಾಡ್ಕೊಂಡು ಓಡಾಡ್ತಿರುವಾಗ ಅವಳೇ ಹತ್ರ ಬರ್ತಾಳೆ. ಆ ದಿನ ಯಾಕೆ ತಿರುಗ್ತಾ ಇತ್ತು ಅಂತ ಸಿನಿಮಾ ಕೊನೆವರೆಗೂ ಹೇಳಲ್ಲ, ನಮಗೂ ಕೇಳ್ಬೇಕು ಅನ್ಸಲ್ಲ. ಹಂಗಾಗಿ ನಿಮ್ ಲಾಂಚ್‌ಗೆ ವಿಜ್ಞಾನ ಹುಡುಕ್ತಾ ಕೂರ್ಬೇಡಿ.

ಅಬೌಟ್ ಟೈಮ್ (2013, ರಿಚರ್ಡ್ ಕರ್ಟಿಸ್) ತುಂಬಾ ಜನಕ್ಕೆ ಇಷ್ಟ, ನಂಗೂ ಇಷ್ಟ, ಆದ್ರೂ ಒಂದು ತಕರಾರಿದೆ. ಕತ್ತಲೆ ಕಪಾಟೊಳಗೆ ನಿಂತು ಮುಷ್ಟಿ ಬಿಗಿ ಹಿಡಿದ್ರೆ ಹಿಂದಕ್ಕೆ ಹೋಗ್ಬಹುದು, ಆ ಮನೆತನದ ಗಂಡಸರಿಗೆ ಮಾತ್ರ ಬರೋ ವಿದ್ಯೆ ಅದು. ಹುಡುಗ ಈ ಶಕ್ತಿ ಬಳಸ್ಕೊಂಡೇ ಮೇರಿಯನ್ನ ಮದ್ವೆ ಆಗ್ತಾನೆ, ಅವಳಿಗೆ ಕೊನೆವರೆಗೂ ಹೇಳೋದೇ ಇಲ್ಲ. ಅಪ್ಪ ಮಗನ ಭಾಗ ಎಷ್ಟು ಚಂದ ಇದ್ಯೋ ಈ ಗುಟ್ಟು ಅಷ್ಟೇ ಚುಚ್ಚತ್ತೆ ನಂಗೆ. ಹೆಂಡತಿಗೆ ಗೊತ್ತಾಗೋ ಒಂದು ಸೀನ್ ಬೇಕಿತ್ತು.

ಪಾಮ್ ಸ್ಪ್ರಿಂಗ್ಸ್ (2020) ನಿಮಗೆ ಬೇಕಾಗಿರೋ ಸಿನಿಮಾ. ಅಲ್ಲೂ ಒಂದೇ ದಿನ, ಒಂದು ಮದ್ವೆ ಮನೆ, ಆದ್ರೆ ಹುಡುಗಿನೂ ಗುಹೆಯೊಳಗೆ ಹೋಗಿ ಅದೇ ಸುಳಿಗೆ ಸಿಕ್ಕಾಕ್ಕೊಳ್ತಾಳೆ. ಇಬ್ಬರಿಗೂ ಎಲ್ಲಾ ನೆನಪಿರತ್ತೆ, ಜಗಳ ಸಮಸಮ ಆಗತ್ತೆ. ಹಳೇದೊಂದು ವಿಷಯ ಹುಡುಗ ಮುಚ್ಚಿಟ್ಟಿದ್ದ ಅಂತ ಗೊತ್ತಾದಾಗ ಅವಳು ಅವನನ್ನ ಬಿಟ್ಟು ಹೋಗಿ, ತಾನೇ ಕೂತು ಕ್ವಾಂಟಮ್ ಫಿಸಿಕ್ಸ್ ಓದಿ ಹೊರಗೆ ಬರೋ ದಾರಿ ಕಂಡುಹಿಡೀತಾಳೆ. ಬಿಡುಗಡೆ ಮಾಡೋಳು ಅವಳು, ನೆನಪಿಡಿ.

ಊರ್ಮನೆ_ಲೆಕ್ಕ:

ಲಾಂಚ್ ವಿಷಯಕ್ಕೆ ಬರ್ತೀನಿ, ಅಲ್ಲಿ ಕಥೆ ನಿಲ್ಲಲ್ಲ ಗುರು. ಲಾಂಚ್ ಬೇಕಾಗಿದ್ದೇ 1964ರಲ್ಲಿ ಲಿಂಗನಮಕ್ಕಿ ನೀರು ನಿಂತ ಮೇಲೆ. 1963ರಲ್ಲಿ ಅಲ್ಲಿ ಅಷ್ಟಗಲದ ನೀರೇ ಇಲ್ಲ, ನಿಮ್ ಹುಡುಗ ಲಾಂಚಿಂದ ಇಳಿಯೋದು ಎಲ್ಲಿಗೆ? ಮತ್ತೆ 2025ರಲ್ಲಿ ಸಿಗಂದೂರು ಸೇತುವೆ ಓಪನ್ ಆಯ್ತಲ್ಲ, ಈಗಿನ ಹುಡುಗ ಬೈಕಲ್ಲಿ ಸೇತುವೆ ಮೇಲೆ ಹೋಗ್ತಾನೆ.

ನನ್ನ ಸಲಹೆ ಮಡೆನೂರು ಡ್ಯಾಂ, ಅದೇ ಹಿರೇಭಾಸ್ಕರ. ಲಿಂಗನಮಕ್ಕಿಗಿಂತ ಮುಂಚೆ ಜೋಗದ ಕರೆಂಟಿಗೆ ನೀರು ನಿಲ್ಲಿಸ್ತಿದ್ದ ಡ್ಯಾಂ, 1964ರಲ್ಲಿ ದೊಡ್ಡ ಡ್ಯಾಂ ನೀರಲ್ಲಿ ಅದೇ ಮುಳುಗ್ತು. ಬೇಸಿಗೆಯಲ್ಲಿ ನೀರು ಪೂರಾ ಇಳಿದಾಗ ಈಗ್ಲೂ ಗೋಡೆ ಮೇಲೆ ಬರತ್ತೆ, ಸೈಫನ್‌ಗಳ, ಅಂದ್ರೆ ಹೆಚ್ಚಾದ ನೀರು ಹೊರಗೆ ಬಿಡೋ ದೊಡ್ಡ ಕೊಳವೆಗಳ, ದುಂಡು ಬಾಯಿ ಹಂಗೇ ನಿಂತಿದಾವೆ, ನೋಡಿದ್ರೆ ಮೈ ಜುಂ ಅನ್ನತ್ತೆ. ಹುಡುಗ ಆ ಗೋಡೆ ಮೇಲೆ ನಡ್ಕೊಂಡು ಹೋಗಿ ಒಂದು ಸೈಫನ್ ಒಳಗೆ ಇಣುಕ್ತಾನೆ, ಆ ಕಡೆ 1963. ಆಗ್ಲೂ ಅದೇ ಡ್ಯಾಂ ಇತ್ತು, ಈಗ್ಲೂ ಇದೆ, ಎರಡು ಕಾಲಕ್ಕೂ ಸೇರಿದ ಜಾಗ ಅದೊಂದೇ.

ಇದ್ರಿಂದ ಇನ್ನೊಂದು ಲಾಭ. ಬ್ಯಾಕ್ ಟು ದ ಫ್ಯೂಚರ್ (1985) ಯಾಕೆ ಅಷ್ಟು ಬಿಗಿಯಾಗಿದೆ ಅಂದ್ರೆ ಗಡುವು ಇದೆ. 1955ರಲ್ಲಿ ಗಡಿಯಾರ ಗೋಪುರಕ್ಕೆ ಸಿಡಿಲು ಬಡಿಯೋದು ರಾತ್ರಿ 10 ಗಂಟೆ 4 ನಿಮಿಷಕ್ಕೆ, ಅಷ್ಟೊತ್ತಿಗೆ ಕಾರು ಅಲ್ಲಿರ್ಬೇಕು, ಅಷ್ಟರೊಳಗೆ ಹುಡುಗ ತನ್ನ ಅಪ್ಪ ಅಮ್ಮಂಗೇ ಲವ್ ಮಾಡ್ಸಿರ್ಬೇಕು, ಇಲ್ದಿದ್ರೆ ಅವನೇ ಹುಟ್ಟಲ್ಲ. ಪ್ರೇಕ್ಷಕನಿಗೆ ಟೈಮ್ ಮೊದಲೇ ಗೊತ್ತು, ಅದಕ್ಕೇ ನಗ್ತಾ ನಗ್ತಾ ಎದೆ ಹೊಡ್ಕೊಳ್ಳತ್ತೆ. ನಿಮಗೆ ಸಿಡಿಲು ಬೇಡ, ಮಳೆ ಸಾಕು. ಮುಂಗಾರು ಹಿಡೀತು ಅಂದ್ರೆ ಈ ಕಡೆ ನೀರು ಏರಿ ಸೈಫನ್ ಬಾಯಿ ಮುಚ್ಚತ್ತೆ, ಬಾಗಿಲು ಬಂದ್. ನಮ್ಮೂರ ಯಾವ ಪ್ರೇಕ್ಷಕನಿಗೂ ಅದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಕಾಮಿಡಿಗೆ ಒಂದೆರಡು. ಹುಡುಗನಿಗೆ ತಾನು 1963ಕ್ಕೆ ಬಂದಿದೀನಿ ಅಂತ ಅರ್ಧ ದಿನ ಗೊತ್ತಾಗ್ಬಾರ್ದು, ಯಾಕಂದ್ರೆ ಹಿನ್ನೀರಿನ ಕಡೆ ಮೊಬೈಲ್‌ಗೆ ನೆಟ್‌ವರ್ಕ್ ಇಲ್ದಿರೋದು ಈಗ್ಲೂ ಮಾಮೂಲು, ಕರೆಂಟ್ ಇಲ್ದಿರೋದೂ ಮಾಮೂಲು. ಅಂಗಡಿಗೆ ಹೋಗಿ ಈಗಿನ ಹತ್ತು ರೂಪಾಯಿ ನಾಣ್ಯ ಕೊಟ್ಟಾಗ ಸಿಕ್ಕಿಬೀಳ್ಲಿ. ಆಗ ಚಾಲ್ತಿಯಲ್ಲಿ ಇದ್ದಿದ್ದು ನಯಾಪೈಸೆ, 1957ರಲ್ಲಿ ಬಂದಿದ್ದು, ಅಂಗಡಿಯವರು ಇನ್ನೂ ಆಣೆ ಲೆಕ್ಕದಲ್ಲೇ ಮಾತಾಡ್ತಿರ್ತಾರೆ. ಹೊರಗೆ ಬೋರ್ಡಲ್ಲಿ ಮೈಸೂರು ರಾಜ್ಯ ಅಂತ ಇರ್ಬೇಕು, ಕರ್ನಾಟಕ ಅಂತ ಹೆಸರು ಬದಲಾಗಿದ್ದು 1973ರ ನವೆಂಬರ್ 1ಕ್ಕೆ. ಆರ್ಟ್ ಡೈರೆಕ್ಷನ್ ಮಾಡೋರಿಗೆ ಹೇಳಿಡಿ.

ಹಿನ್ನೀರಿನವಳು:

ಕಥೆ ಕೇಳಿ ಖುಷಿ ಆಯ್ತು, ಸಿಟ್ಟೂ ಬಂತು, ಎರಡನ್ನೂ ಹೇಳ್ತೀನಿ.

ನಮ್ಮಜ್ಜನ ಮನೆ ಆ ನೀರಿನಡಿ ಇದೆ. "ಹುಡುಗಿಗೆ ಏನೂ ಗೊತ್ತಿಲ್ಲ" ಅಂತ ಬರ್ದಿದೀರಲ್ಲ ಅಣ್ಣ, ಅಲ್ಲೇ ನಿಮ್ ಕಥೆ ಕೆಟ್ಟಿದೆ. 1963ರಲ್ಲಿ ಆ ಕಣಿವೆಯಲ್ಲಿ ಡ್ಯಾಂ ವಿಷಯ ಗೊತ್ತಿಲ್ದಿರೋ ಒಂದು ಮಗುನೂ ಇರ್ಲಿಲ್ಲ. ಅಳತೆ ಮಾಡಿ ಹೋಗಿದ್ರು, ಪರಿಹಾರದ ಮಾತು ನಡೀತಿತ್ತು, ಯಾರಿಗೆ ಎಲ್ಲಿ ಜಾಗ ಅಂತ ಮನೆಮನೆಯಲ್ಲೂ ಅದೇ ಚರ್ಚೆ. ಹಿರೇಭಾಸ್ಕರದ ಡ್ಯಾಂ ಆದಾಗ ಒಂದ್ಸಲ ಮುಳುಗಡೆ ನೋಡಿದ ಜನ ಅವರು. ಅವಳಿಗೆ ಎಲ್ಲಾ ಗೊತ್ತು. ಏನೂ ಗೊತ್ತಿಲ್ದೆ ಬಂದಿರೋನು ನಿಮ್ ಹುಡುಗ, ಯಾಕಂದ್ರೆ ಅವನು ನೀರು ಮಾತ್ರ ನೋಡಿದಾನೆ, ಊರು ನೋಡಿಲ್ಲ. ಹೊಳೆ ದಾಟೋದು ಎಲ್ಲಿ, ಕಳಲೆ ಯಾವಾಗ ಕೀಳೋದು, ಯಾರ ಮನೆಗೆ ಯಾವ ದಾರಿ, ಒಂದೂ ಗೊತ್ತಿಲ್ಲ ಅವನಿಗೆ. ಹಂಗೆ ತಿರುಗಿಸಿ ನೋಡಿ, ನಿಮಗೆ ಬೇಕಾಗಿರೋ ನಗು ಪೂರ್ತಿ ಅವಳ ಕೈಗೆ ಬರತ್ತೆ.

ಅವನಿಗೆ ಹೆಚ್ಚಿಗೆ ಗೊತ್ತಿರೋದು ಒಂದೇ, ಮುಂದಿಂದು. ಲಾರಿ ಹತ್ತಿಸಿ ಕಾಡಲ್ಲಿ ಇಳಿಸಿದ ಮೇಲೆ ಎಷ್ಟೋ ಸಂತ್ರಸ್ತರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಓಡಾಡ್ತಿದಾರೆ, ರಾಜ್ಯಕ್ಕೆಲ್ಲ ಬೆಳಕು ಕೊಟ್ಟೋರ ಊರಲ್ಲಿ ವರ್ಷಾನುಗಟ್ಟಲೆ ಕತ್ತಲೆ ಇತ್ತು. ಅದನ್ನ ಅವಳಿಗೆ ಹೇಳ್ಬೇಕೋ ಬೇಡ್ವೋ, ಅವನ ಗುಟ್ಟು ಅಂದ್ರೆ ಅದು. ಹೇಳ್ಲೇಬೇಕು ಅಂತ ನನ್ನ ಅಭಿಪ್ರಾಯ, ಅದೂ ಲವ್ ಒಪ್ಕೊಳ್ಳೋಕ್ಕಿಂತ ಮುಂಚೆ. ಕಾಗದ ಪತ್ರ ಜೋಪಾನವಾಗಿ ಇಟ್ಕೊಳ್ಳಿ, ಬಾಯಿಮಾತು ನಂಬ್ಬೇಡಿ ಅಂತನಾದ್ರೂ ಹೇಳ್ಲಿ. ಕಾಮಿಡಿ ಮಾಡ್ಬೇಡಿ ಅಂತ ನಾನು ಹೇಳ್ತಿಲ್ಲ, ನಮ್ಮಜ್ಜಿ ಆ ಊರಿನ ಕಥೆ ಹೇಳುವಾಗ ನಾವೆಲ್ಲ ಬಿದ್ದು ಬಿದ್ದು ನಗ್ತಿದ್ವಿ. ಆದ್ರೆ ಹೊರಗಿಂದ ಬಂದ ಹುಡುಗನಿಗೆ ಲವ್ ಆಗ್ಲಿ ಅಂತ ಒಂದು ಊರನ್ನ ಮುಳುಗಿಸ್ಬೇಡಿ.

ತುಂಗಾತೀರ:

ಮೇಲಿನ ಮಾತಿಗೆ ನಂದು ಪೂರ್ತಿ ಒಪ್ಪಿಗೆ. ಅದಕ್ಕೆ ಜೋಡಿ ಅಂದ್ರೆ ಕೇಟ್ ಆ್ಯಂಡ್ ಲಿಯೋಪೋಲ್ಡ್ (2001) ನೋಡಿ, ಅಲ್ಲಿ 1876ರ ರಾಜಮನೆತನದೋನು ನ್ಯೂಯಾರ್ಕಿಗೆ ಬಂದು ಬೀಳ್ತಾನೆ, ಹಳೇ ಕಾಲದ ಮನುಷ್ಯ ಪೆದ್ದ ಅಂತ ತೋರಿಸದೆ ಅವನ ನಡತೆಯಿಂದ ಈಗಿನವರಿಗೇ ನಾಚಿಕೆ ಆಗೋ ಹಂಗೆ ಬರ್ದಿದಾರೆ. ಬೆಣ್ಣೆ ಥರದ್ದೊಂದು ಜಾಹೀರಾತಲ್ಲಿ ನಟಿಸಕ್ಕೆ ಒಪ್ಕೊಂಡು, ರುಚಿ ನೋಡಿ ಇದು ಕೆಟ್ಟದಾಗಿದೆ ಅಂತ ಎದ್ದು ಹೋಗೋ ಭಾಗ ಇದೆ, ಸೊಗಸಾಗಿದೆ.

ಯಕ್ಷರಾತ್ರಿ:

ಇಂಗ್ಲಿಷ್ ಸಿನಿಮಾ ನೋಡಿ, ಬೇಡ ಅನ್ನಲ್ಲ. ಆದ್ರೆ ಟೈಮ್ ಟ್ರಾವೆಲ್ ಮದ್ವೆ ಕಥೆ ಭಾಗವತದಲ್ಲೇ ಇದೆಯಲ್ಲ ಮಾರಾಯ್ರೆ! ರೇವತಿದು. ಅಪ್ಪ ಕಕುದ್ಮಿ ರಾಜ, ಮಗಳಿಗೆ ತಕ್ಕ ವರ ಯಾರು ಅಂತ ಕೇಳಕ್ಕೆ ಅವಳನ್ನೂ ಕರ್ಕೊಂಡು ಬ್ರಹ್ಮಲೋಕಕ್ಕೆ ಹೋಗ್ತಾನೆ. ಅಲ್ಲಿ ಗಂಧರ್ವರ ಸಂಗೀತ ನಡೀತಿರತ್ತೆ, ಮುಗೀಲಿ ಅಂತ ಒಂದು ಗಳಿಗೆ ಕಾಯ್ತಾನೆ, ಆಮೇಲೆ ತಾನು ನೋಡಿಟ್ಟಿರೋ ಹುಡುಗರ ವಿಷಯ ಹೇಳಿದ್ರೆ ಬ್ರಹ್ಮ ನಗ್ತಾನೆ. ಅಷ್ಟರಲ್ಲಿ ಭೂಮಿ ಮೇಲೆ 27 ಚತುರ್ಯುಗ ಕಳೆದು ಹೋಗಿದೆ, ಆ ಹುಡುಗರು ಹೋಗ್ಲಿ ಅವರ ವಂಶದ ಹೆಸರೂ ಉಳಿದಿಲ್ಲ! ಕೊನೆಗೆ ಬಲರಾಮನಿಗೆ ಕೊಟ್ಟು ಮದ್ವೆ. ಅವಳು ಹಳೇ ಯುಗದೋಳು, ಭಾರೀ ಎತ್ತರ, ಬಲರಾಮ ತನ್ನ ನೇಗಿಲಿಂದ ಅವಳನ್ನ ತಗ್ಗಿಸಿ ತನ್ನ ಎತ್ತರಕ್ಕೆ ತಂದ ಅಂತ ವಿಷ್ಣುಪುರಾಣದಲ್ಲಿ ಬರತ್ತೆ.

ಈ ಪ್ರಸಂಗ ಬಯಲಾಟದ ರಂಗದ ಮೇಲೆ ಹೆಂಗಿರತ್ತೆ ಯೋಚ್ನೆ ಮಾಡಿ, ಬ್ರಹ್ಮನ ಮುಂದೆ ಅಪ್ಪ ಒಬ್ಬೊಬ್ಬ ವರನ ಹೆಸರು ಹೇಳೋದು, ಹಾಸ್ಯಗಾರ ಅವರೆಲ್ಲ ಯಾವಾಗ ಹೋದ್ರು ಅಂತ ಲೆಕ್ಕ ಕೊಡೋದು. ನಿಮ್ ಸಿನಿಮಾದಲ್ಲಿ 1963ರ ಊರಲ್ಲಿ ಒಂದು ರಾತ್ರಿ ಆಟ ಇಡಿ, ಇದೇ ಕಥೆ ಆಡ್ಲಿ, ಹುಡುಗ ಹುಡುಗಿ ಇಬ್ಬರೂ ಕೂತು ನೋಡ್ಲಿ. ಯಾವ ಕಾಲದವನು ನೀನು ಅಂತ ಅವಳು ಕೇಳಕ್ಕೆ ಅದಕ್ಕಿಂತ ಒಳ್ಳೆ ಜಾಗ ಸಿಗಲ್ಲ. ಆದ್ರೆ ಅವಳನ್ನ ತಗ್ಗಿಸೋ ಕೆಲಸ ಮಾತ್ರ ನೀವು ಮಾಡ್ಬೇಡಿ. ಹುಡುಗನೇ ಏಣಿ ಹತ್ಲಿ.

ಶಿಮೊಗ್ಗ_ಸೆಕೆಂಡ್_ಶೋ:

ನಮ್ಮ ದೇಶದ್ದೂ ಇದಾವೆ. ಆದಿತ್ಯ 369 (ತೆಲುಗು, 1991, ಸಿಂಗೀತಂ ಶ್ರೀನಿವಾಸರಾವ್) ನೋಡಿ, ಕೃಷ್ಣದೇವರಾಯನ ಕಾಲಕ್ಕೆ ಹೋಗ್ತಾರೆ, ಆಗಿನ ಸೀಮಿತ ತಂತ್ರದಲ್ಲೇ ಎಷ್ಟು ಧೈರ್ಯ ಮಾಡಿದಾರೆ ಅಂತ ತಿಳಿಯತ್ತೆ. ತಮಿಳಿನ ಇಂದ್ರು ನೇಟ್ರು ನಾಳೈ (2015) ನನ್ನ ಫೇವರಿಟ್, 2065ರ ಯಂತ್ರ ಕೈಗೆ ಸಿಕ್ಕಿದ್ರೆ ಇವರು ಮಾಡೋದು ಜ್ಯೋತಿಷ್ಯದ ವ್ಯಾಪಾರ, ನಮ್ ಜನ ಮಾಡೋದೇ ಅದನ್ನ, ಅದಕ್ಕೇ ನಂಬಿಕೆ ಬರತ್ತೆ. ಹಿಂದಿಯ ಆ್ಯಕ್ಷನ್ ರೀಪ್ಲೇ (2010) ಮಗ 1975ಕ್ಕೆ ಹೋಗಿ ಅಪ್ಪ ಅಮ್ಮಂಗೆ ಲವ್ ಮಾಡ್ಸೋದು, ಗದ್ದಲ ಜಾಸ್ತಿ, ನೋಡದಿದ್ರೂ ನಷ್ಟ ಇಲ್ಲ. ಕನ್ನಡದಲ್ಲಿ ಬ್ಲಿಂಕ್ (2024) ಬಂತು, ಅದು ಥ್ರಿಲ್ಲರ್, ಆದ್ರೂ ಕಮ್ಮಿ ದುಡ್ಡಲ್ಲಿ ಕಾಲ ಬದಲಾಗಿದ್ದು ಹೆಂಗೆ ತೋರಿಸ್ಬಹುದು ಅಂತ ಕಲಿಯಕ್ಕೆ ನೋಡ್ಲೇಬೇಕು. ನಗಿಸೋ ಟೈಮ್ ಟ್ರಾವೆಲ್ ಲವ್ ಸ್ಟೋರಿ ನಮ್ಮಲ್ಲಿ ಇನ್ನೂ ಬರ್ಬೇಕು, ನೀವೇ ಮಾಡಿ.

ಕೊಡಚಾದ್ರಿ_ಹುಡುಗ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಟೀಮ್ ಸೇರಿ ಇದನ್ನೆಲ್ಲ ಜೋರಾಗಿ ಓದಿದ್ವಿ. ಲಾಂಚ್ ಹೋಯ್ತು, ಮಡೆನೂರು ಗೋಡೆ ಬಂತು. ಹುಡುಗಿಗೆ ಎಲ್ಲಾ ಗೊತ್ತು ಅಂತ ಮಾಡಿದ ಕೂಡ್ಲೇ ಡೈಲಾಗ್ ತಾನಾಗೇ ಬರಕ್ಕೆ ಶುರು ಆಯ್ತು, ಈಗ ಹುಡುಗ "ನಿಮ್ಮೂರು ಮುಳುಗತ್ತೆ" ಅಂತ ದೊಡ್ಡ ಗುಟ್ಟು ಹೇಳೋ ಥರ ಹೇಳ್ತಾನೆ, ಅವಳು ಅಡಿಕೆ ಸುಲೀತಾ "ಅದು ಗೊತ್ತು, ಕೈ ಖಾಲಿ ಇದ್ರೆ ಈ ಬುಟ್ಟಿ ಎತ್ತಿಡು" ಅಂತಾಳೆ. ಹಕ್ಕುಪತ್ರದ ವಿಷಯ ಅವನು ಆಟದ ರಾತ್ರಿನೇ ಹೇಳೋದು ಅಂತ ತೀರ್ಮಾನ ಆಗಿದೆ. ಕೊನೆಗೆ ಇಬ್ಬರೂ ಒಂದಾಗ್ಬೇಕಾ ಬೇಡ್ವಾ ಅನ್ನೋದು ಮಾತ್ರ ಬಾಕಿ. ಹಿನ್ನೀರಿನವಳು ಮೇಡಂ, ನಿಮ್ ಕಡೆ ಆಗಿನ ಕಾಲ ನೋಡಿದ ಹಿರಿಯರು ಯಾರಾದ್ರೂ ಇದ್ರೆ ಮಾತಾಡ್ಸಕ್ಕೆ ಬರ್ಬಹುದಾ?

ಹಿನ್ನೀರಿನವಳು:

ಧಾರಾಳವಾಗಿ ಬನ್ನಿ. ನಮ್ ದೊಡ್ಡಪ್ಪ ಇದಾರೆ, ಆಗ ಶಾಲೆಗೆ ಹೋಗ್ತಿದ್ದ ಹುಡುಗ ಅವರು, ಎಲ್ಲಾ ನೆನಪಿದೆ. ಮೊದಲನೇ ದಿನ ಕ್ಯಾಮೆರಾ ತರ್ಬೇಡಿ, ಸುಮ್ನೆ ಕೂತು ಕೇಳಿ, ಊಟಕ್ಕೆ ಇಲ್ಲೇ ಇರಿ. ಮಡೆನೂರು ಡ್ಯಾಂ ಹತ್ರ ಶೂಟಿಂಗ್ ಮಾಡೋದಾದ್ರೆ ಪರ್ಮಿಷನ್ ಮೊದಲೇ ತಗೊಳ್ಳಿ, ಸುತ್ತ ಹೂಳು ಇರತ್ತೆ, ದಾರಿ ಗೊತ್ತಿರೋರು ಒಬ್ಬರು ಜೊತೆಗಿರ್ಬೇಕು. ಕೊನೆ ವಿಷಯ ನಂಗೆ ಕೇಳಿದ್ರೆ, ಅವಳು ಈ ಕಡೆಗೆ ಬರ್ಲಿ. ಸೈಫನ್‌ನಿಂದ ಹೊರಗೆ ಬಂದು ಹಕ್ಕುಪತ್ರದ ಅರ್ಜಿಗೆ ತಾನೇ ಸಾಕ್ಷಿ ಹೇಳ್ಲಿ, ಆಫೀಸಲ್ಲಿ ಹುಟ್ಟಿದ ವರ್ಷ ಕೇಳ್ತಾರೆ, ಹೇಳ್ತಾಳೆ. ಇಡೀ ಸಾಗರ ತಾಲೂಕು ಎದ್ದು ನಿಂತು ಸಿಳ್ಳೆ ಹೊಡೆಯತ್ತೆ ಆ ಸೀನಿಗೆ.