ಮೂವತ್ತೊಂಬತ್ತು ಗುಂಟೆಯ ಬಡಾವಣೆ

ನಮ್ಮ ಮನೆಯವರ ಗುಂಪಿನಲ್ಲಿ ನಡೆದ ಮಾತುಕತೆ ಇದು; ದೊಡ್ಡಪ್ಪ ಬಡಾವಣೆ ಮಾಡಿ ನಿವೇಶನ ಮಾರುವವರು.

ಅಕ್ಕ (ಪುಣೆ): ಮೇಲೆ ಹಾಕಿರುವ ಸುದ್ದಿಯನ್ನು ಪೂರ್ತಿ ಓದಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದೊಡ್ಡ ವಸತಿ ಕಟ್ಟಡ ಕಟ್ಟುವವರು ಒಂದು ಪಾಲು ಮನೆಗಳನ್ನು ಕಡಿಮೆ ಆದಾಯದವರ ಕೈಗೆಟಕುವ ದರಕ್ಕೆ ಕೊಡಬೇಕು. 2016ರಲ್ಲಿ ಆ ಪಾಲನ್ನು ಶೇ 25ಕ್ಕೆ ಏರಿಸಿದ್ದರು. ದಾವಣಗೆರೆಯ ಹೊಸ ಬಡಾವಣೆಗಳಿಗೂ ಇಂಥದ್ದೊಂದು ಬೇಕು.

ದೊಡ್ಡಪ್ಪ: ಪೂರ್ತಿ ಓದಿದೆನಮ್ಮ. ಅದೇ ಊರಿನವರು 2023ರಲ್ಲಿ ಇಳಿಸಿದ್ದೂ ಅದರಲ್ಲೇ ಇದೆ. ಲೆಕ್ಕ ಕೂಡದಿದ್ದರೆ ಕಟ್ಟುವವನು ಕೈಕಟ್ಟಿ ಕೂರುತ್ತಾನೆ. ಲೋಕಿಕೆರೆ ರಸ್ತೆಯಲ್ಲಿ ಒಂದು ಎಕರೆ ಹಿಡಿ. ರಸ್ತೆ, ಪಾರ್ಕ್, ನಾಗರಿಕ ಸೌಲಭ್ಯದ (ಸಿಎ) ನಿವೇಶನಕ್ಕೆ ಬಿಟ್ಟರೆ ಮಾರಲು ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು. ಮೂವತ್ತು-ನಲವತ್ತರ ಇಪ್ಪತ್ತು ನಿವೇಶನ ಬಂದರೆ ಪುಣ್ಯ. ಅದರಲ್ಲಿ ನಾಲ್ಕೈದು ಬಿಟ್ಟುಕೊಡು ಎಂದರೆ ಆ ಭಾರ ಉಳಿದವರ ತಲೆಗೆ. ಅವರೂ ಸಾಲ ಮಾಡಿ ಕೊಳ್ಳುವ ಮೇಷ್ಟರು, ಗುಮಾಸ್ತರೇ.

ನಾನು: ಮಾರುಕಟ್ಟೆ ದರಕ್ಕಿಂತ ಹೆಚ್ಚು ಅವರಾದರೂ ಏಕೆ ಕೊಡುತ್ತಾರೆ ದೊಡ್ಡಪ್ಪ? ನಿಯಮ ಮೊದಲೇ ಗೊತ್ತಿದ್ದರೆ ನೀವು ಹೊಲ ಕೊಳ್ಳುವಾಗಲೇ ಬೆಲೆ ಇಳಿಸಿ ಕೇಳುತ್ತೀರಿ. ಈಗಾಗಲೇ ಕೊಂಡವರಿಗೆ ವಿನಾಯಿತಿ ಕೊಡಲಿ.

ದೊಡ್ಡಪ್ಪ: ಹೊಲ ಯಾರದ್ದು? ರೈತನದ್ದು. ಅಲ್ಲಿಗೆ ಅವನ ಜೇಬಿಗೆ ಕತ್ತರಿ.

ಅಕ್ಕ (ಪುಣೆ): ಹೊಲ ಮಾರಿದ ರೈತ ಬಡಾವಣೆಯಾದ ಮೇಲೆ ಅಲ್ಲೊಂದು ನಿವೇಶನ ಕೊಳ್ಳಲಾರ, ಅವನ ಮೇಲೆ ಈಗ ಕನಿಕರವೇ? ಮಹಾರಾಷ್ಟ್ರದಲ್ಲಿ 2013ರಿಂದ ನಿಯಮವಿದೆ. 10 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ, 4000 ಚದರ ಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ಯೋಜನೆಗಳಲ್ಲಿ ಶೇ 20ರಷ್ಟು ಸಣ್ಣ ಮನೆಗಳಿಗೆ. ಅಲ್ಲಿನ ಸರ್ಕಾರದ ವಸತಿ ಸಂಸ್ಥೆ ಮ್ಹಾಡಾ ಲಾಟರಿ ಎತ್ತಿ ಹಂಚುತ್ತದೆ.

ದೊಡ್ಡಪ್ಪ: ದಾವಣಗೆರೆ 2011ರ ಜನಗಣತಿಯಲ್ಲಿ 4.35 ಲಕ್ಷ. ಇನ್ನು 4000 ಚದರ ಮೀಟರ್ ಎಂದರೆ ಹತ್ತಿರ ಹತ್ತಿರ ಒಂದು ಎಕರೆ, ಅಂದರೆ 40 ಗುಂಟೆ. ನಿಯಮ ಬಂದ ಮರುದಿನವೇ ಊರ ಸುತ್ತ 39 ಗುಂಟೆಯ ಬಡಾವಣೆಗಳು ಏಳುತ್ತವೆ. ಉಳಿದವರು ಅನುಮೋದನೆಯೇ ಇಲ್ಲದ ರೆವಿನ್ಯೂ ನಿವೇಶನ ಮಾರುತ್ತಾರೆ.

ನಾನು: ಕಳ್ಳದಾರಿ ಬಲ್ಲವರಿಗೆ ಬೇಲಿ ಹಾಕುವುದೂ ಗೊತ್ತಿರುತ್ತದೆ. ಒಬ್ಬರೇ ಮಾಡುವ ಅಕ್ಕಪಕ್ಕದ ಸರ್ವೆ ನಂಬರುಗಳನ್ನು ಕೂಡಿಸಿ ಎಣಿಸಿದರಾಯಿತು 😀

ಚಿಕ್ಕಮ್ಮ: ಭಾವನವರೇ, ಈ ಶೇಕಡಾವಾರು ನನ್ನ ತಲೆಗೆ ಹತ್ತುವುದಿಲ್ಲ. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವವಳಿಗೆ ಊರಾಚೆ ಒಂದು ಮನೆ ಮಂಜೂರಾಗಿತ್ತು. ಗಂಡ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದಾನೆ. ಕೋಳಿ ಕೂಗುವ ಮೊದಲೇ ಭಟ್ಟಿ ಹೊತ್ತಿಸಬೇಕು, ಆ ಹೊತ್ತಿಗೆ ಬಸ್ಸಿಲ್ಲ. ನೀರಿನ ಟ್ಯಾಂಕರ್ ಬರುವುದು ಇವಳು ನಮ್ಮ ಮನೆಯಲ್ಲಿರುವಾಗ. ಎಷ್ಟು ದಿನ ಪಕ್ಕದವರ ಕೊಡ ಕಾಯುತ್ತಾಳೆ? ಕೊನೆಗೆ ಬೀಗ ಜಡಿದು, ಭಟ್ಟಿಯ ಹತ್ತಿರವೇ ತಗಡಿನ ಮನೆಗೆ ಬಾಡಿಗೆ ಕೊಟ್ಟುಕೊಂಡಿದ್ದಾಳೆ. ಇಲ್ಲಿ ಜಾಗ ಬಿಡುವ ಬದಲು ದುಡ್ಡು ಕಟ್ಟುತ್ತೇವೆ, ಸರ್ಕಾರ ಬೇರೆಲ್ಲಾದರೂ ಕಟ್ಟಿಕೊಡಲಿ ಎಂದು ಮಾತ್ರ ಹೇಳಬೇಡಿ.

ದೊಡ್ಡಪ್ಪ: ಬಡಾವಣೆಯ ಒಳಗೇ ಕೊಟ್ಟೆವು ಎನ್ನು. ಲಾಟರಿ ಗೆದ್ದವನು ಅಧಿಕಾರ ಪತ್ರ (ಜಿಪಿಎ) ಮಾಡಿ ಮಾರುತ್ತಾನೆ. ಕೊಂಡವನು ಎರಡನ್ನು ಸೇರಿಸಿ ಮೂರಂತಸ್ತು ಎಬ್ಬಿಸುತ್ತಾನೆ. ಆಗ ನಿನ್ನ ಕೆಲಸದವಳು ಎಲ್ಲಿ?

ಚಿಕ್ಕಮ್ಮ: ಅದೂ ನಿಜವೇ.

ಮಾವ: ಗೃಹಪ್ರವೇಶದ ಫೋಟೊ ಯಾರಾದರೂ ಹಾಕಿದಿರಾ?

ನಾನು: ಮಾವ, ಸ್ವಲ್ಪ ತಡೆಯಿರಿ. 2007ರ ರಾಷ್ಟ್ರೀಯ ನಗರ ವಸತಿ ನೀತಿ ಎರಡು ಅಳತೆ ಹೇಳಿದೆ: ಜಾಗದ ಶೇ 10ರಿಂದ 15, ಇಲ್ಲವೇ ಕಟ್ಟಲು ಅನುಮತಿಯಿರುವ ಒಟ್ಟು ವಿಸ್ತೀರ್ಣದ, ಅಂದರೆ ಎಫ್‌ಎಆರ್‌ನ ಶೇ 20ರಿಂದ 25, ಯಾವುದು ಹೆಚ್ಚೋ ಅದು. ನೀತಿ ಅಷ್ಟೇ, ಕಾಯ್ದೆಯಲ್ಲ. ಅಮೆರಿಕದ ಫ್ಲ್ಯಾಟ್ ಲೆಕ್ಕ ನಮಗೆ ಒಗ್ಗದು, ಇಲ್ಲಿ ಮಾರುವುದು ನಿವೇಶನ. ಮಾರುವ ಜಾಗದಲ್ಲಿ ಶೇ 10 ತೆಗೆದಿಟ್ಟು ಇಪ್ಪತ್ತು-ಮೂವತ್ತರ ನಿವೇಶನ ಮಾಡಲಿ. ಎಕರೆಗೆ ನಿಮ್ಮ ಎರಡು ನಿವೇಶನ ಹೋಗುತ್ತದೆ, ಅಲ್ಲಿ ನಾಲ್ಕು ಕುಟುಂಬ ಕೂರುತ್ತದೆ. ಅದೂ ಪುಕ್ಕಟೆಯಲ್ಲ, ನಿಗದಿತ ದರಕ್ಕೆ. ಜಾಗ ನಗರಾಭಿವೃದ್ಧಿ ಪ್ರಾಧಿಕಾರದ (ದೂಡಾ) ಹೆಸರಿನಲ್ಲೇ ಇರಲಿ, ಅವರಿಗೆ ದೀರ್ಘಾವಧಿ ಗುತ್ತಿಗೆ ಸಿಗಲಿ. ಜಿಪಿಎ ಮಾಡಿ ಮಾರಲು ಏನು ಉಳಿಯುತ್ತದೆ?

ದೊಡ್ಡಪ್ಪ: ಗುತ್ತಿಗೆ ಜಾಗಕ್ಕೆ ಸಾಲ ಕೊಡುವ ಬ್ಯಾಂಕನ್ನು ಮೊದಲು ಹುಡುಕಿಕೊಂಡು ಬಾ. ಎರಡು ನಿವೇಶನವಾದರೆ ಯೋಚಿಸಬಹುದು. ಮೂಲೆಯದ್ದನ್ನು ಮಾತ್ರ ಕೇಳಬೇಡಿ.

ಚಿಕ್ಕಮ್ಮ: ನೀವೂ ಸ್ಮಶಾನದ ಪಕ್ಕದ್ದನ್ನು ತೋರಿಸಬೇಡಿ ಭಾವನವರೇ.